ಉಸಿರಾಟದ ಲೆಕ್ಕ: ಜೆನಿತ್ ಬಲೂನಿನಿಂದ ತುರ್ತು ಚಿಕಿತ್ಸೆಯವರೆಗೆ

ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 16 ಬಾರಿ ಉಸಿರಾಡುತ್ತಾರೆ. ಗಾಢ ನಿದ್ದೆಯಲ್ಲೂ ಈ ಕೆಲಸ ನಿಲ್ಲುವುದಿಲ್ಲ. ಅದನ್ನು ನಡೆಸಿಕೊಂಡು ಹೋಗುವುದು ಮಿದುಳಿನ ಕಾಂಡ. ಆದರೆ ಕೆಲವೇ ಕೆಲವರಲ್ಲಿ ಈ ಸ್ವಯಂಚಾಲಿತ ವ್ಯವಸ್ಥೆಯಲ್ಲಿಯೇ ಹುಟ್ಟಿನಿಂದ ಒಂದು ಕೊರತೆ ಇರುತ್ತದೆ. ಎಚ್ಚರವಾಗಿರುವಾಗ ಸಾಕಷ್ಟು ಉಸಿರಾಡುವ ಇವರಲ್ಲಿ ನಿದ್ದೆ ಬಂದೊಡನೆ ಉಸಿರು ಮೆಲ್ಲಗಾಗುತ್ತದೆ, ಆಳ ಕಡಿಮೆಯಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದು ಕಾರ್ಬನ್ ಡೈಆಕ್ಸೈಡ್ ಏರಿದರೂ ಅವರಿಗೆ ಉಸಿರು ಕಟ್ಟಿದಂತೆ ಅನ್ನಿಸುವುದೇ ಇಲ್ಲ. ವೈದ್ಯವಿಜ್ಞಾನ ಇದನ್ನು ಜನ್ಮಜಾತ ಕೇಂದ್ರೀಯ ಅಲ್ಪಶ್ವಸನ ಸಹಲಕ್ಷಣ ಎನ್ನುತ್ತದೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದು ಸಿಸಿಎಚ್‌ಎಸ್ ಎಂದು ಪರಿಚಿತ.

ಹೆಚ್ಚಿನವರಲ್ಲಿ ಇದು ಜನಿಸಿದ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ದೋಷ ಸೌಮ್ಯವಾಗಿದ್ದರೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳವರೆಗೂ ಬಯಲಾಗದೆ ಉಳಿಯಬಹುದು. ಒಂದು ದಿನ ನ್ಯುಮೋನಿಯವೋ ಅರಿವಳಿಕೆಯೋ ನಿದ್ದೆ ಮಾತ್ರೆಯೋ ನೆಪವಾಗಿ ಆ ವ್ಯಕ್ತಿ ತುರ್ತು ಚಿಕಿತ್ಸಾ ಘಟಕ ಸೇರುತ್ತಾನೆ. ಅಲ್ಲಿನ ವೈದ್ಯರು ತಮ್ಮ ವೃತ್ತಿಯಲ್ಲಿ ಇಂತಹ ರೋಗಿಯನ್ನು ಹಿಂದೆ ಒಮ್ಮೆಯೂ ಕಂಡಿರಲಾರರು. ಹಾಗಿರುವಾಗ ಗುರುತಿಸುವುದು ಹೇಗೆ? ಇದಕ್ಕೆ ಬೇಕಾದ ತಿಳಿವಳಿಕೆ ಬಲೂನು, ಗಣಿ, ಯುದ್ಧವಿಮಾನ, ಪೋಲಿಯೊ ವಾರ್ಡು, ರೇಡಾರ್ ಪ್ರಯೋಗಾಲಯ ಇವೆಲ್ಲವನ್ನೂ ಸುತ್ತಿ ಬಂದಿದೆ. ಅದರ ಬಹುಭಾಗ ಭೌತವಿಜ್ಞಾನವೇ. ಆ ಇತಿಹಾಸವನ್ನು ಬೆಂಗಳೂರಿನ ಪೂರ್ವಭಾಗದಲ್ಲಿ ನಿಂತು ನೋಡುವುದಕ್ಕೆ ಒಂದು ಕಾರಣವಿದೆ.

ಎತ್ತರದ ಊರು

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿನಲ್ಲಿ ದಂಡು ಸ್ಥಾಪಿಸಿದರು. ಹಲಸೂರಿನ ಆಸುಪಾಸಿನ ಬಯಲು ಕಂಟೋನ್ಮೆಂಟ್ ಆಯಿತು. ಅವರನ್ನು ಸೆಳೆದದ್ದು ಇಲ್ಲಿನ ತಂಪು ಹವೆ. ಈ ತಂಪಿಗೆ ಮುಖ್ಯ ಕಾರಣ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದು. ಲೆವಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದ 1860ರ ದಶಕದಲ್ಲಿ ಇಂದಿನ ಶಿವಾಜಿನಗರದಲ್ಲಿ ತಲೆಯೆತ್ತಿದ ಆಸ್ಪತ್ರೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಇಂದಿರಾನಗರದ ಸರ್ಕಾರಿ ಆಸ್ಪತ್ರೆಗೆ ಸರ್ ಸಿ.ವಿ. ರಾಮನ್ ಅವರ ಹೆಸರಿದೆ.

ಎತ್ತರ ಹೆಚ್ಚಿದಂತೆ ವಾಯುಮಂಡಲದ ಒತ್ತಡ ತಗ್ಗುತ್ತದೆ. ಸಮುದ್ರಮಟ್ಟದಲ್ಲಿ 760 ಮಿಮೀ ಪಾದರಸದಷ್ಟಿರುವ ಒತ್ತಡ ಬೆಂಗಳೂರಿನಲ್ಲಿ ಸುಮಾರು 683 ಮಿಮೀ. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡು ಕಡೆಯೂ 21%. ಆದರೆ ಡಾಲ್ಟನ್ ನಿಯಮದಂತೆ ಅದರ ಆಂಶಿಕ ಒತ್ತಡ ಇಲ್ಲಿ ಹತ್ತನೆಯ ಒಂದರಷ್ಟು ಕಡಿಮೆ. ಆರೋಗ್ಯವಂತರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಉಸಿರಾಟ ಅರ್ಧಕ್ಕೆ ಕುಗ್ಗಿದ ವ್ಯಕ್ತಿಗೆ ಮಾತ್ರ ಇದು ದೊಡ್ಡ ವ್ಯತ್ಯಾಸ. ಅದನ್ನು ಮುಂದೆ ಲೆಕ್ಕ ಹಾಕಿಯೇ ನೋಡೋಣ.

ಸದ್ದಿಲ್ಲದ ಸಾವು

1875ರ ಏಪ್ರಿಲ್ 15ರಂದು ಪ್ಯಾರಿಸ್‌ನಿಂದ ಜೆನಿತ್ ಎಂಬ ಬಲೂನು ಮೇಲೇರಿತು. ಅದರಲ್ಲಿ ಟಿಸಾಂಡಿಯೆ, ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಎಂಬ ಮೂವರಿದ್ದರು. ಆಮ್ಲಜನಕ ಬೆರೆಸಿದ ಗಾಳಿಯ ಚೀಲಗಳು ಜೊತೆಗಿದ್ದವು. ಬಲೂನು 8,000 ಮೀಟರಿಗೂ ಮೇಲೆ ಹೋಗಿ ಇಳಿದಾಗ ಬದುಕಿದ್ದವರು ಟಿಸಾಂಡಿಯೆ ಒಬ್ಬರೇ. ಅವರು ಬರೆದ ವಿವರಣೆ ಶರೀರವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಯಿತು. ಮೇಲೇರುತ್ತಿದ್ದಂತೆ ಅವರಿಗೆ ಉಸಿರು ಕಟ್ಟಲಿಲ್ಲ, ನೋವಾಗಲಿಲ್ಲ. ಒಂದು ಬಗೆಯ ಹಿತವೇ ಆವರಿಸಿತ್ತು. ಆಮ್ಲಜನಕದ ಕೊಳವೆ ಕೈಗೆಟಕುವಂತಿದ್ದರೂ ಕೈ ಎತ್ತಲು ಆಗಲಿಲ್ಲ.

ಇದರ ವಿವರಣೆ ಪೌಲ್ ಬೆರ್ ಅವರ ಪ್ರಯೋಗಾಲಯದಲ್ಲಿತ್ತು. ಒತ್ತಡ ತಗ್ಗಿಸಬಲ್ಲ ಕೋಣೆಯಲ್ಲಿ ಪ್ರಾಣಿಗಳನ್ನೂ ತಮ್ಮನ್ನೂ ಪರೀಕ್ಷೆಗೆ ಒಡ್ಡಿಕೊಂಡ ಬೆರ್, ಎತ್ತರದಲ್ಲಿ ಕೊಲ್ಲುವುದು ಆಮ್ಲಜನಕದ ಆಂಶಿಕ ಒತ್ತಡದ ಕುಸಿತ ಎಂದು 1878ರ ತಮ್ಮ ಬೃಹತ್ ಗ್ರಂಥದಲ್ಲಿ ಸ್ಥಾಪಿಸಿದರು. ಆದರೆ ಒಂದು ಪ್ರಶ್ನೆ ಉಳಿಯಿತು. ಆಮ್ಲಜನಕದ ಕೊರತೆ ಅಷ್ಟು ಅಪಾಯಕಾರಿಯಾದರೆ ದೇಹ ಏಕೆ ಕೂಗಿಕೊಳ್ಳಲಿಲ್ಲ?

ಉಸಿರನ್ನು ನಡೆಸುವುದು ಯಾವುದು?

ಉತ್ತರ 1905ರಲ್ಲಿ ಬಂತು. ಆಕ್ಸ್‌ಫರ್ಡಿನ ಜೆ.ಎಸ್. ಹಾಲ್ಡೇನ್ ಮತ್ತು ಜೆ.ಜಿ. ಪ್ರೀಸ್ಟ್ಲಿ ಶ್ವಾಸಕೋಶದ ವಾಯುಕೋಶಗಳ ಗಾಳಿಯನ್ನು ಸಂಗ್ರಹಿಸುವ ಸುಲಭ ವಿಧಾನ ಕಂಡುಕೊಂಡರು. ಜೋರಾಗಿ ಪೂರ್ತಿ ಉಸಿರು ಹೊರಬಿಟ್ಟು, ಕೊನೆಯಲ್ಲಿ ಬಂದ ಗಾಳಿಯನ್ನು ಹಿಡಿಯುವುದೇ ಆ ವಿಧಾನ. ಅವರು ಆಕ್ಸ್‌ಫರ್ಡಿನಲ್ಲಿ, ಬೆನ್ ನೆವಿಸ್ ಬೆಟ್ಟದ ತುದಿಯಲ್ಲಿ, ಕಾರ್ನ್‌ವಾಲಿನ ಆಳದ ಗಣಿಯಲ್ಲಿ ಅಳತೆ ಮಾಡಿದರು. ಹೊರಗಿನ ಒತ್ತಡ ಬೇರೆ ಬೇರೆಯಾಗಿದ್ದರೂ ವಾಯುಕೋಶದ ಕಾರ್ಬನ್ ಡೈಆಕ್ಸೈಡಿನ ಆಂಶಿಕ ಒತ್ತಡ ಹೆಚ್ಚುಕಡಿಮೆ ಒಂದೇ ಆಗಿತ್ತು: ಸುಮಾರು 40 ಮಿಮೀ. ಅದು ಎರಡು ಮಿಮೀಯಷ್ಟು ಏರಿದರೂ ಸಾಕು, ಉಸಿರಾಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು.

ಅಂದರೆ ಕ್ಷಣಕ್ಷಣಕ್ಕೂ ಉಸಿರನ್ನು ನಿಯಂತ್ರಿಸುವುದು ಕಾರ್ಬನ್ ಡೈಆಕ್ಸೈಡ್. ಉಸಿರು ಬಿಗಿಹಿಡಿದಾಗ ನಮಗಾಗುವ ತಳಮಳ ಬಹುಪಾಲು ಅದರದ್ದೇ. ಬಲೂನಿನಲ್ಲಿದ್ದವರು ಕಾರ್ಬನ್ ಡೈಆಕ್ಸೈಡನ್ನು ಸರಾಗವಾಗಿ ಹೊರಬಿಡುತ್ತಿದ್ದರು. ಆದ್ದರಿಂದ ಎಚ್ಚರಿಕೆಯ ಗಂಟೆ ಬಾರಿಸಲಿಲ್ಲ. ಆಮ್ಲಜನಕದ ಇಳಿಕೆಯನ್ನು ಗ್ರಹಿಸುವ ಅಂಗವೂ ಇದೆ. ಕುತ್ತಿಗೆಯ ಅಪಧಮನಿಯ ಕವಲಿನಲ್ಲಿರುವ ಕ್ಯಾರಟಿಡ್ ಕಾಯದ ಪಾತ್ರವನ್ನು ತೋರಿಸಿದ ಕೊರ್ನೇಯ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಬಹುಮಾನ ಸಂದಿತು. ಆದರೆ ಈ ಅಂಗ ಜೋರಾಗಿ ಪ್ರತಿಕ್ರಿಯಿಸುವುದು ಆಮ್ಲಜನಕ ಸಾಕಷ್ಟು ಇಳಿದ ಮೇಲೆಯೇ.

ವಿಮಾನಪುರದ ಕೋಣೆ

ಹಲಸೂರಿನಿಂದ ಹಳೆಯ ವಿಮಾನ ನಿಲ್ದಾಣದ ರಸ್ತೆ ಹಿಡಿದು ಹೋದರೆ ವಿಮಾನಪುರ ಸಿಗುತ್ತದೆ. 1957ರಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಶಾಲೆಯಾಗಿ ಆರಂಭವಾದ ಸಂಸ್ಥೆ ಇಂದು ಅಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂಬ ಹೆಸರಿನಲ್ಲಿದೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರ ಆಯ್ಕೆಯ ವೈದ್ಯಕೀಯ ಪರೀಕ್ಷೆಗಳು ಇಲ್ಲಿ ನಡೆದವು. ಗಗನಯಾನಕ್ಕೆ ಆಯ್ಕೆಯಾಗಿ, 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ಶುಭಾಂಶು ಶುಕ್ಲಾ ಕೂಡ ಈ ಪರೀಕ್ಷೆಗಳನ್ನು ದಾಟಿದವರೇ.

ಇಂತಹ ಸಂಸ್ಥೆಗಳಲ್ಲಿ ಪೌಲ್ ಬೆರ್ ಕೋಣೆಯ ಮರಿಮಗಳಂತಹ ಅಲ್ಪಒತ್ತಡದ ಕೋಣೆ ಇರುತ್ತದೆ. ಪೈಲಟ್‌ಗಳನ್ನು ಒಳಗೆ ಕೂರಿಸಿ ಒತ್ತಡವನ್ನು 25,000 ಅಡಿ ಎತ್ತರದ ಮಟ್ಟಕ್ಕೆ ಇಳಿಸಿದರೆ, ಆಮ್ಲಜನಕದ ಮುಖವಾಡವಿಲ್ಲದೆ ಸರಿಯಾಗಿ ಯೋಚಿಸಬಲ್ಲ ಅವಧಿ ಮೂರರಿಂದ ಐದು ನಿಮಿಷ ಮಾತ್ರ. ಸುಲಭದ ಕಳೆಯುವ ಲೆಕ್ಕವೂ ತಪ್ಪುತ್ತದೆ, ಅಕ್ಷರ ಸೊಟ್ಟಗಾಗುತ್ತದೆ. ಆದರೂ ಎಲ್ಲ ಸರಿಯಾಗಿದೆ ಎಂದೇ ಅನ್ನಿಸುತ್ತಿರುತ್ತದೆ. ತನ್ನ ಅನಿಸಿಕೆಯನ್ನು ನಂಬದೆ ಉಪಕರಣವನ್ನು ನಂಬಬೇಕು ಎಂಬುದು ಪೈಲಟ್ ಕಲಿಯುವ ಪಾಠ.

ನಮಗೆ ಬೇಕಾದ ಸಮೀಕರಣ ಹುಟ್ಟಿದ್ದೂ ವಿಮಾನಯಾನದ ಅಗತ್ಯದಿಂದಲೇ. ಎತ್ತರದಲ್ಲಿ ವಾಯುಕೋಶದ ಗಾಳಿ ಹೇಗಿರುತ್ತದೆ ಎಂಬ ಪ್ರಶ್ನೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಫೆನ್, ರಾನ್, ಓಟಿಸ್ ಕೈಗೆತ್ತಿಕೊಂಡರು. 1946ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಇಂದು ಬಳಕೆಯಲ್ಲಿರುವ ಸರಳ ರೂಪ ಹೀಗಿದೆ:

ವಾಯುಕೋಶದ ಆಮ್ಲಜನಕದ ಒತ್ತಡ = ಒಳಗೆಳೆದ ಆಮ್ಲಜನಕದ ಪಾಲು × (ವಾಯುಒತ್ತಡ – 47) – (ಕಾರ್ಬನ್ ಡೈಆಕ್ಸೈಡಿನ ಒತ್ತಡ ÷ 0.8)

ಇಲ್ಲಿ 47 ಮಿಮೀ ಎಂಬುದು ದೇಹದ ಉಷ್ಣತೆಯಲ್ಲಿ ನೀರಾವಿಯ ಒತ್ತಡ. 0.8 ಎಂಬುದು ದೇಹ ಹೊರಬಿಡುವ ಕಾರ್ಬನ್ ಡೈಆಕ್ಸೈಡಿಗೂ ಬಳಸುವ ಆಮ್ಲಜನಕಕ್ಕೂ ಇರುವ ಅನುಪಾತ. ಸಮೀಕರಣದ ಸಾರ ಇಷ್ಟು: ವಾಯುಕೋಶದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಷ್ಟೂ ಆಮ್ಲಜನಕಕ್ಕೆ ಜಾಗ ಕಡಿಮೆ.

ಕೋಪನ್‌ಹೇಗನ್, 1952

ಕಾರ್ಬನ್ ಡೈಆಕ್ಸೈಡನ್ನು ಅಳೆಯದೆ ಹೋದರೆ ಏನಾಗುತ್ತದೆ ಎಂಬುದನ್ನು ಡೆನ್ಮಾರ್ಕಿನ ಪೋಲಿಯೊ ಪಿಡುಗು ಕಲಿಸಿತು. 1952ರಲ್ಲಿ ಕೋಪನ್‌ಹೇಗನ್‌ನ ಬ್ಲೆಗ್‌ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಸಾಲುಸಾಲಾಗಿ ಬಂದರು. ಆಗಿನ ಯಂತ್ರಗಳಲ್ಲಿ ಚಿಕಿತ್ಸೆ ಪಡೆದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಅವರ ರಕ್ತದಲ್ಲಿ ಬೈಕಾರ್ಬನೇಟ್ ಹೆಚ್ಚಾಗಿತ್ತು. ವೈದ್ಯರು ಅದನ್ನು ಕ್ಷಾರಾಧಿಕ್ಯ ಎಂದು ಭಾವಿಸಿದ್ದರು.

ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ತಜ್ಞರು ಬೇರೆ ರೀತಿ ಯೋಚಿಸಿದರು. ಇದು ಹೊರಹೋಗದೆ ತುಂಬಿಕೊಂಡ ಕಾರ್ಬನ್ ಡೈಆಕ್ಸೈಡಿನ ಗುರುತು. ರೋಗಿಗಳಿಗೆ ಬೇಕಾಗಿರುವುದು ಗಾಳಿಯ ಸಂಚಾರ ಎಂದರು. ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರಾಡಿಸಿದರು. ಆಕೆ ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಪರಂಪರೆ ಅಲ್ಲಿಂದ ಶುರುವಾಯಿತು. ಬೈಕಾರ್ಬನೇಟ್ ಹೆಚ್ಚಿದ್ದರೆ ಅದರ ಹಿಂದೆ ಕಾರ್ಬನ್ ಡೈಆಕ್ಸೈಡ್ ಅಡಗಿರಬಹುದು ಎಂಬ ಸುಳಿವೂ ಅಂದಿನ ಕೊಡುಗೆಯೇ.

ರೇಡಾರ್ ಬಿಟ್ಟು ರಕ್ತಕ್ಕೆ

ಜಾನ್ ಸೆವರಿಂಗ್‌ಹೌಸ್ (1922–2021) ಓದಿದ್ದು ಭೌತವಿಜ್ಞಾನ. ಯುದ್ಧದ ಸಮಯದಲ್ಲಿ ಅವರು ಎಂಐಟಿಯ ರೇಡಾರ್ ಪ್ರಯೋಗಾಲಯದಲ್ಲಿ ದುಡಿದರು, ಬಳಿಕ ವೈದ್ಯರಾದರು. 1954ರಲ್ಲಿ ರಿಚರ್ಡ್ ಸ್ಟೋ ಸೂಚಿಸಿದ್ದ ಕಾರ್ಬನ್ ಡೈಆಕ್ಸೈಡ್ ವಿದ್ಯುದಗ್ರವನ್ನು ಸೆವರಿಂಗ್‌ಹೌಸ್ ಸುಧಾರಿಸಿ ಸ್ಥಿರಗೊಳಿಸಿದರು. ಇದರ ತತ್ತ್ವ ಸರಳ. ತೆಳುಪೊರೆಯ ಮೂಲಕ ಅನಿಲ ವಿಸರಿಸಿ ಬೈಕಾರ್ಬನೇಟ್ ದ್ರಾವಣಕ್ಕೆ ಸೇರುತ್ತದೆ. ದ್ರಾವಣದ ಪಿಎಚ್ ಬದಲಾಗುತ್ತದೆ. ಅದನ್ನು ಗಾಜಿನ ವಿದ್ಯುದಗ್ರ ವೋಲ್ಟೇಜಾಗಿ ತೋರಿಸುತ್ತದೆ. ಲೇಲೆಂಡ್ ಕ್ಲಾರ್ಕ್ ಅವರ ಆಮ್ಲಜನಕದ ವಿದ್ಯುದಗ್ರದೊಂದಿಗೆ ಇದನ್ನು ಜೋಡಿಸಿ 1950ರ ದಶಕದ ಕೊನೆಯಲ್ಲಿ ಅವರು ರಕ್ತಾನಿಲ ವಿಶ್ಲೇಷಕವನ್ನು ನಿರ್ಮಿಸಿದರು.

ಈ ಉಪಕರಣ ಕೈಯಲ್ಲಿದ್ದವರಿಗೇ ಹೊಸ ಕಾಯಿಲೆ ಕಣ್ಣಿಗೆ ಬಿದ್ದದ್ದು ಆಕಸ್ಮಿಕವೇನಲ್ಲ. 1962ರಲ್ಲಿ ಸೆವರಿಂಗ್‌ಹೌಸ್ ಮತ್ತು ಮಿಚೆಲ್, ಮಿದುಳಿನ ಕಾಂಡ ಮತ್ತು ಕುತ್ತಿಗೆಯ ಮಟ್ಟದ ಮಿದುಳುಬಳ್ಳಿಯ ಶಸ್ತ್ರಚಿಕಿತ್ಸೆಯಾಗಿದ್ದ ಮೂವರು ರೋಗಿಗಳನ್ನು ವರ್ಣಿಸಿದರು. ‘ಉಸಿರಾಡಿ’ ಎಂದು ಹೇಳಿದರೆ ಅವರು ಉಸಿರಾಡುತ್ತಿದ್ದರು. ಸುಮ್ಮನೆ ಬಿಟ್ಟರೆ ಮರೆತುಬಿಡುತ್ತಿದ್ದರು. ಯುರೋಪಿನ ಕಥೆಯೊಂದರ ಜಲಕನ್ಯೆಯ ಹೆಸರಿನಿಂದ ಇದನ್ನು ‘ಆಂಡೀನಳ ಶಾಪ’ ಎಂದು ಕರೆದರು. ಕಾಯಿಲೆಯನ್ನು ಶಾಪ ಎನ್ನುವುದು ಸರಿಯಲ್ಲವೆಂದು ಇಂದು ಆ ಹೆಸರನ್ನು ಬಹುಮಟ್ಟಿಗೆ ಕೈಬಿಡಲಾಗಿದೆ. 1970ರಲ್ಲಿ ಮೆಲಿನ್ಸ್ ಮತ್ತು ಸಂಗಡಿಗರು ಯಾವ ಶಸ್ತ್ರಚಿಕಿತ್ಸೆಯೂ ಆಗದ ಶಿಶುವಿನಲ್ಲಿ ಇಂತಹದೇ ಸ್ಥಿತಿಯನ್ನು ವರದಿ ಮಾಡಿದರು. ಜನ್ಮಜಾತ ರೂಪ ಹೀಗೆ ದಾಖಲಾಯಿತು.

ಇಪ್ಪತ್ತು ಅಲನಿನ್‌ಗಳು

2003ರಲ್ಲಿ ಫ್ರಾನ್ಸಿನ ಸಂಶೋಧಕರು ಇದರ ಜೀನನ್ನು ಪತ್ತೆಹಚ್ಚಿದರು. ಫಾಕ್ಸ್-2ಬಿ ಎಂಬ ಈ ಜೀನ್, ಸ್ವಯಂಚಾಲಿತ ನರವ್ಯೂಹ ಭ್ರೂಣದಲ್ಲಿ ರೂಪುಗೊಳ್ಳುವಾಗ ನಿರ್ದೇಶನ ನೀಡುವ ಪ್ರೋಟೀನನ್ನು ಸಂಕೇತಿಸುತ್ತದೆ. ಆ ಪ್ರೋಟೀನಿನ ಒಂದೆಡೆ ಅಲನಿನ್ ಎಂಬ ಅಮೈನೊ ಆಮ್ಲ ಸಾಲಾಗಿ 20 ಬಾರಿ ಬರುತ್ತದೆ. ರೋಗಿಗಳಲ್ಲಿ ಹೆಚ್ಚಿನವರಿಗೆ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಈ ಸಾಲು ಉದ್ದವಾಗಿರುತ್ತದೆ: 24ರಿಂದ 33ರವರೆಗೆ. ಸಾಲು ಉದ್ದವಾದಷ್ಟೂ ಕಾಯಿಲೆ ಸಾಮಾನ್ಯವಾಗಿ ತೀವ್ರ. 24 ಅಥವಾ 25 ಇದ್ದವರಲ್ಲಿ ದೋಷ ಎಷ್ಟು ಸೌಮ್ಯವಾಗಿರಬಹುದೆಂದರೆ, ಮಗುವಿಗೆ ಕಾಯಿಲೆ ಪತ್ತೆಯಾದ ಮೇಲೆ ತಂದೆ ಅಥವಾ ತಾಯಿಯನ್ನು ಪರೀಕ್ಷಿಸಿ, ಅವರಲ್ಲೂ ಇದೆ ಎಂದು ತಿಳಿದದ್ದುಂಟು. ವಯಸ್ಕರಲ್ಲಿ ತಡವಾಗಿ ಕಾಣಿಸಿಕೊಳ್ಳುವ ರೂಪಕ್ಕೆ ಹೀಗೆ ಖಚಿತವಾದ ಆಧಾರ ಸಿಕ್ಕಿತು.

ತುರ್ತು ಘಟಕದಲ್ಲಿ

ಈಗ ಶಿವಾಜಿನಗರ, ಇಂದಿರಾನಗರ ಅಥವಾ ಕೆ.ಆರ್. ಪುರದ ಯಾವುದಾದರೂ ತುರ್ತು ಘಟಕಕ್ಕೆ ಮೂವತ್ತರ ಒಬ್ಬರು ಬಂದರೆಂದು ಊಹಿಸೋಣ. ಮಂಪರು, ತುಟಿ ನೀಲಿ. ‘ಉಸಿರಾಟಕ್ಕೆ ಕಷ್ಟವೇ?’ ಎಂದರೆ ‘ಇಲ್ಲ’ ಎನ್ನುತ್ತಾರೆ. ಅವರ ವಾಯುಕೋಶ ತಲುಪುವ ಗಾಳಿ ಅರ್ಧಕ್ಕಿಳಿದಿದೆ ಎನ್ನೋಣ. ಕಾರ್ಬನ್ ಡೈಆಕ್ಸೈಡಿನ ಒತ್ತಡ ಈ ಗಾಳಿಗೆ ವಿಲೋಮಾನುಪಾತದಲ್ಲಿರುವುದರಿಂದ ಅದು 40ರಿಂದ 80 ಮಿಮೀಗೆ ಏರುತ್ತದೆ.

ಬೆಂಗಳೂರಿನಲ್ಲಿ 0.21 × (683 – 47) ಎಂದರೆ ಸುಮಾರು 134. ಆರೋಗ್ಯವಂತರಲ್ಲಿ ಇದರಿಂದ 50 ಕಳೆದರೆ 84 ಮಿಮೀ. ನಮ್ಮ ರೋಗಿಯಲ್ಲಿ 100 ಕಳೆಯಬೇಕು, ಉಳಿಯುವುದು 34. ಹಿಮೊಗ್ಲೊಬಿನ್ ಆಗ ಸುಮಾರು 60% ಮಾತ್ರ ಆಮ್ಲಜನಕ ಹೊತ್ತಿರುತ್ತದೆ. ಇದೇ ವ್ಯಕ್ತಿ ಮಂಗಳೂರಿನ ಕಡಲತೀರದಲ್ಲಿದ್ದರೆ 150ರಲ್ಲಿ 100 ಕಳೆದು 50 ಮಿಮೀ ಉಳಿಯುತ್ತಿತ್ತು. ಪ್ರಮಾಣ 80%ರ ಆಸುಪಾಸು ಇರುತ್ತಿತ್ತು. ಹಿಮೊಗ್ಲೊಬಿನ್ನಿನ ರೇಖೆ ಈ ಭಾಗದಲ್ಲಿ ಕಡಿದಾಗಿ ಇಳಿಯುವುದರಿಂದ ಎತ್ತರದ ಸಣ್ಣ ವ್ಯತ್ಯಾಸ ದೊಡ್ಡದಾಗುತ್ತದೆ.

ಈಗ ಮೂಗಿನ ಕೊಳವೆಯಿಂದ ನಿಮಿಷಕ್ಕೆ ಮೂರು ಲೀಟರ್ ಆಮ್ಲಜನಕ ಕೊಟ್ಟರೆಂದುಕೊಳ್ಳಿ. ಒಳಗೆಳೆಯುವ ಗಾಳಿಯಲ್ಲಿ ಅದರ ಪಾಲು ಸುಮಾರು 32% ಆಗುತ್ತದೆ. 0.32 × 636 = 203; ಅದರಲ್ಲಿ 100 ಕಳೆದರೆ 103 ಮಿಮೀ. ಬೆರಳಿನ ಪಲ್ಸ್ ಆಕ್ಸಿಮೀಟರ್ 95ಕ್ಕೂ ಹೆಚ್ಚು ತೋರಿಸುತ್ತದೆ. ತುಟಿ ಕೆಂಪಾಗುತ್ತದೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಕಾರ್ಬನ್ ಡೈಆಕ್ಸೈಡ್ ಇನ್ನೂ 80ರಲ್ಲೇ ಇದೆ. ಅದು ಇನ್ನಷ್ಟು ಏರಿದರೆ ಮಂಪರು ಪ್ರಜ್ಞಾಹೀನತೆಗೆ ತಿರುಗುತ್ತದೆ, ಉಸಿರೇ ನಿಲ್ಲಬಹುದು.

ಆಕ್ಸಿಮೀಟರನ್ನು ದೂರುವಂತಿಲ್ಲ. 1974ರಲ್ಲಿ ಜಪಾನಿನ ತಕುವೊ ಅಯೊಯಾಗಿ ರೂಪಿಸಿದ ಈ ವಿಧಾನ ನಾಡಿಯ ಬಡಿತದೊಂದಿಗೆ ಏರಿಳಿಯುವ ಬೆಳಕಿನ ಹೀರಿಕೆಯನ್ನು 660 ಮತ್ತು 940 ನ್ಯಾನೊಮೀಟರಿನ ಆಸುಪಾಸಿನ ಎರಡು ತರಂಗದೂರಗಳಲ್ಲಿ ಹೋಲಿಸಿ ಹಿಮೊಗ್ಲೊಬಿನ್ನಿನ ಸ್ಥಿತಿ ಹೇಳುತ್ತದೆ. ಕಾರ್ಬನ್ ಡೈಆಕ್ಸೈಡ್ ಅದಕ್ಕೆ ಕಾಣುವುದೇ ಇಲ್ಲ. ಕೋವಿಡ್ ಕಾಲದಲ್ಲಿ (2020–21) ಮನೆಮನೆಗೆ ಬಂದ ಈ ಪುಟ್ಟ ಉಪಕರಣ ಅನೇಕರಿಗೆ ನೆರವಾಯಿತು. ಆಗ ಎಷ್ಟೋ ರೋಗಿಗಳಲ್ಲಿ ಆಮ್ಲಜನಕ ಇಳಿದಿದ್ದರೂ ಉಸಿರುಗಟ್ಟುವ ಅನುಭವ ಇರಲಿಲ್ಲ. ಬಲೂನಿನವರಂತೆ ಅವರಲ್ಲೂ ಕಾರ್ಬನ್ ಡೈಆಕ್ಸೈಡ್ ಏರಿರಲಿಲ್ಲ. ಸಿಸಿಎಚ್‌ಎಸ್‌ನಲ್ಲಿ ಅದು ಏರಿರುತ್ತದೆ, ಗಂಟೆಯೇ ಕೆಟ್ಟಿರುತ್ತದೆ. ಹೊರನೋಟಕ್ಕೆ ಎರಡೂ ಒಂದೇ. ಅಳೆದರೆ ಮಾತ್ರ ಬೇರೆ.

ಅಳೆಯುವ ದಾರಿ ಎರಡಿವೆ. ಒಂದು, ಅಪಧಮನಿಯ ರಕ್ತಾನಿಲ ಪರೀಕ್ಷೆ. ಇನ್ನೊಂದು ಕ್ಯಾಪ್ನೊಗ್ರಾಫ್. ಕಾರ್ಬನ್ ಡೈಆಕ್ಸೈಡ್ 4.26 ಮೈಕ್ರೊಮೀಟರ್ ತರಂಗದೂರದ ಅವಕೆಂಪು ಕಿರಣವನ್ನು ಬಲವಾಗಿ ಹೀರುತ್ತದೆ ಎಂಬುದೇ ಇದರ ತಳಹದಿ. ಜಾನ್ ಟಿಂಡಾಲ್ 1859ರಿಂದ ನಡೆಸಿದ ಅನಿಲಗಳ ಪ್ರಯೋಗಗಳೇ ಇದರ ಮೂಲ.

ಸಂಖ್ಯೆಗಳು ಕೈಗೆ ಬಂದ ಮೇಲೆ ನಾಲ್ಕು ಪ್ರಶ್ನೆಗಳು ಏಳುತ್ತವೆ. ಮೊದಲನೆಯದು, ಶ್ವಾಸಕೋಶ ಸರಿಯಿದೆಯೇ? ಸಮೀಕರಣದಿಂದ ಬಂದ ವಾಯುಕೋಶದ ಒತ್ತಡದಿಂದ ರಕ್ತದ ಒತ್ತಡವನ್ನು ಕಳೆದಾಗ ವ್ಯತ್ಯಾಸ ಚಿಕ್ಕದಿದ್ದರೆ ಶ್ವಾಸಕೋಶ ತನ್ನ ಕೆಲಸ ಮಾಡುತ್ತಿದೆ. ಸಾಕಷ್ಟು ಗಾಳಿ ಬರುತ್ತಿಲ್ಲ ಎಂದರ್ಥ. ಜೊತೆಗೆ ನ್ಯುಮೋನಿಯ ಇದ್ದರೆ ಮಾತ್ರ ಈ ಗುರುತು ಮಸುಕಾಗುತ್ತದೆ. ಎರಡನೆಯದು, ಇದು ಹಳೆಯದೇ? 24ರ ಸುತ್ತ ಇರಬೇಕಾದ ಬೈಕಾರ್ಬನೇಟ್ 35 ದಾಟಿದ್ದರೆ ಮೂತ್ರಪಿಂಡ ಬಹು ದಿನಗಳಿಂದ ಸರಿದೂಗಿಸುತ್ತಿದೆ. ಕೆಂಪು ರಕ್ತಕಣಗಳ ಹೆಚ್ಚಳ, ಹೃದಯದ ಬಲಭಾಗದ ಆಯಾಸ, ಕಾಲಿನ ಬಾವು ಇದನ್ನೇ ಹೇಳುತ್ತವೆ. ಮೂರನೆಯದು, ಹೇಳಿದರೆ ಉಸಿರಾಡಬಲ್ಲರೇ? ಆಳವಾಗಿ ಉಸಿರೆಳೆಯಲು ಹೇಳಿದಾಗ ಅಂಕಿಗಳು ಸುಧಾರಿಸಿದರೆ ಸ್ನಾಯು ಗಟ್ಟಿಯಿದೆ, ಆಜ್ಞೆಯೇ ಬರುತ್ತಿಲ್ಲ. ಪಾಂಪೆ ಕಾಯಿಲೆಯಂತಹ ಇನ್ನೊಂದು ಜನ್ಮಜಾತ ದೋಷದಲ್ಲಿ ಆಜ್ಞೆ ಬರುತ್ತದೆ, ಆದರೆ ವಪೆಯ ಸ್ನಾಯು ದುರ್ಬಲವಾಗಿರುತ್ತದೆ; ಅಂಗಾತ ಮಲಗಿದರೆ ಕಷ್ಟ ಹೆಚ್ಚುತ್ತದೆ. ನಾಲ್ಕನೆಯದು, ಹಿಂದಿನ ಕಥೆಯೇನು? ಶಸ್ತ್ರಚಿಕಿತ್ಸೆಯ ನಂತರ ಎಚ್ಚರವಾಗಲು ತೀರ ತಡವಾದದ್ದು, ಬಾಲ್ಯದಲ್ಲಿ ಮೈ ನೀಲಿಗಟ್ಟಿದ್ದು, ಕಾರಣ ತಿಳಿಯದ ಮೂರ್ಛೆ, ಹುಟ್ಟಿನಿಂದಲೇ ಕರುಳಿನ ತೊಂದರೆ, ನೀರಿನೊಳಗೆ ಬಹಳ ಹೊತ್ತು ತಳಮಳವಿಲ್ಲದೆ ಇರಬಲ್ಲೆನೆಂಬ ಹೆಮ್ಮೆ, ಕುಟುಂಬದಲ್ಲಿ ಶಿಶುಗಳ ಹಠಾತ್ ಮರಣ ಇವೆಲ್ಲ ಕೇಳಬೇಕಾದ ವಿಷಯಗಳು.

ಒಂದು ಎಚ್ಚರಿಕೆ ಅಗತ್ಯ. ಇಂತಹ ಅಂಕಿಗಳಿಗೆ ಹೆಚ್ಚು ಸಾಮಾನ್ಯವಾದ ಕಾರಣಗಳು ಬೇರೆ ಇವೆ: ಅಫೀಮು ವರ್ಗದ ಔಷಧಿ, ನಿದ್ದೆ ಮಾತ್ರೆ, ಮದ್ಯ, ಅತಿ ಸ್ಥೂಲಕಾಯ, ಥೈರಾಯ್ಡ್ ಕೊರತೆ, ಮಿದುಳಿನ ಕಾಂಡದ ಗಾಯ ಅಥವಾ ಗಡ್ಡೆ. ಅವನ್ನು ಮೊದಲು ನೋಡಬೇಕು. ಅವು ಯಾವುವೂ ಹೊಂದದಿದ್ದಾಗ ಫಾಕ್ಸ್-2ಬಿ ಪರೀಕ್ಷೆಯ ನೆನಪಾಗಬೇಕು. ಆಮ್ಲಜನಕ ಕೊಡಬಾರದು ಎಂದೂ ಯಾರೂ ತಿಳಿಯಬಾರದು. ಅದರ ಕೊರತೆ ಮೊದಲು ಕೊಲ್ಲುತ್ತದೆ. ಆಮ್ಲಜನಕದೊಂದಿಗೆ, ಅಗತ್ಯವಿದ್ದಂತೆ ಮುಖವಾಡ ಅಥವಾ ವೆಂಟಿಲೇಟರಿನಿಂದ ಉಸಿರಾಟಕ್ಕೂ ಆಸರೆ ಬೇಕು. ಇದೇ ಇಬ್ಸನ್ ಕಲಿಸಿದ ಪಾಠ.

ಗುರುತಿಸಿದರೆ ಲಾಭವೇನು? ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಆದರೆ ರಾತ್ರಿ ಉಸಿರಾಟದ ಯಂತ್ರ ಬಳಸಿ, ಮದ್ಯ ಮತ್ತು ನಿದ್ದೆ ಮಾತ್ರೆಗಳಿಂದ ದೂರವಿದ್ದು, ಅರಿವಳಿಕೆಗೆ ಮುನ್ನ ವೈದ್ಯರಿಗೆ ತಿಳಿಸಿ, ಹಗಲಿನಲ್ಲಿ ಎಲ್ಲರಂತೆ ದುಡಿಯಬಹುದು. ಗುರುತಿಸದಿದ್ದರೆ ಅದೇ ವ್ಯಕ್ತಿ ಆಕ್ಸಿಮೀಟರ್ 97 ತೋರಿಸಿತೆಂದು ಮನೆಗೆ ಹೋಗಿ, ಆ ರಾತ್ರಿ ಮಲಗಿದವರು ಏಳದೇ ಇರಬಹುದು. ಪ್ರತಿ ಮಗುವಿಗೂ ಈ ಜೀನ್ ದಾಟುವ ಸಂಭವ 50% ಇರುವುದರಿಂದ ಒಬ್ಬರ ಪತ್ತೆ ಮನೆಯ ಇತರರನ್ನೂ ಕಾಪಾಡಬಹುದು.

ಪಿಯುಸಿ ತರಗತಿಗಳಲ್ಲಿ ಡಾಲ್ಟನ್ ನಿಯಮವನ್ನು ಕಲಿಸುವಾಗ ಮೇಲಿನ ಸಮೀಕರಣವನ್ನು ಹಲಗೆಯ ಮೇಲೆ ಬರೆದು, ವಿದ್ಯಾರ್ಥಿಗಳಿಂದ ತಮ್ಮ ತಮ್ಮ ಊರಿನ ವಾಯುಒತ್ತಡಕ್ಕೆ ಲೆಕ್ಕ ಮಾಡಿಸಬಹುದು. ಮಡಿಕೇರಿಗೆ ಎಷ್ಟು, ಕಾರವಾರಕ್ಕೆ ಎಷ್ಟು? ಆ ಮಕ್ಕಳಲ್ಲಿ ಕೆಲವರು ಮುಂದೆ ತುರ್ತು ಘಟಕದಲ್ಲಿ ಕೆಲಸ ಮಾಡುವವರು. ‘ಉಸಿರಾಟಕ್ಕೆ ಕಷ್ಟವಿಲ್ಲ’ ಎನ್ನುವ ನೀಲಿ ತುಟಿಯ ರೋಗಿ ಎದುರಾದ ದಿನ ಈ ಒಂದು ಕಳೆಯುವ ಲೆಕ್ಕ ಅವರಿಗೆ ನೆನಪಾದರೆ ಸಾಕು.